ಬೋಟ್ಸ್ವಾನದ ಸರ್ಕಾರ ಅರ್ಥವಾಗಬೇಕೆ? ಮೊದಲು ಒಂದು ಕುರ್ಚಿ ಕೊಳ್ಳಿ

ಹೋದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಅವಳ ಗಂಡನಿಗೆ ಬೋಟ್ಸ್ವಾನದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದೆ. ಇಬ್ಬರೂ ಹೊರಡುವ ತಯಾರಿಯಲ್ಲಿದ್ದಾರೆ. "ಆಂಟಿ, ಅಲ್ಲಿ ಅಧ್ಯಕ್ಷರೂ ಇದ್ದಾರಂತೆ, ರಾಜರೂ ಇದ್ದಾರಂತೆ. ಯಾರ ಮಾತು ನಡೆಯುತ್ತೆ?" ಅಂತ ಕೇಳಿದಳು.

ನಾನು ತಿಪಟೂರಿನವಳು. 2013ರಿಂದ 2025ರ ತನಕ ಬೋಟ್ಸ್ವಾನದ ಸೆರೋವೆ ಎಂಬ ಊರಿನ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟೆ. ಅಲ್ಲಿದ್ದಾಗ ಮೂರು ಮಹಾಚುನಾವಣೆ ನೋಡಿದೆ. ಆ ದೇಶದ ಮೇಲೆ ನನಗೆ ತುಂಬಾ ಪ್ರೀತಿ. ಅವಳಿಗೆ ಕಾಫಿ ಕೊಟ್ಟು ಕೂರಿಸಿ ಏನೇನು ಹೇಳಿದೆನೋ ಅದನ್ನೇ ಇಲ್ಲಿ ಬರೆದಿದ್ದೇನೆ. ಕೆಲಸಕ್ಕೆ ಅಂತ ಅಲ್ಲಿಗೆ ಹೋಗುವ ಕನ್ನಡದವರಿಗೆ ಉಪಯೋಗಕ್ಕೆ ಬಂದೀತು.

ಒಂದು ನೋಟ್‌ಬುಕ್ ತಗೊಳ್ಳಿ. ಪುಟದ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಗಡೆ "ಇಲ್ಲಿ ಯಾರು ಮಾತಾಡುತ್ತಾರೆ?" ಅಂತ ಬರೆಯಿರಿ. ಬಲಗಡೆ "ಇಲ್ಲಿ ಯಾರು ತೀರ್ಮಾನ ಮಾಡುತ್ತಾರೆ?" ಅಂತ ಬರೆಯಿರಿ. ಯಾವುದೇ ಸಭೆ, ಕಚೇರಿ, ಕೋರ್ಟಿನ ಹೆಸರು ಕಿವಿಗೆ ಬಿದ್ದರೂ ಈ ಎರಡು ಪ್ರಶ್ನೆ ಕೇಳಿ ತುಂಬಿಸುತ್ತಾ ಹೋಗಿ. ನಾನು ಹೀಗೆಯೇ ಕಲಿತೆ. ಬೋಟ್ಸ್ವಾನದಲ್ಲಿ ಈ ಎರಡಕ್ಕೂ ಉತ್ತರ ಬಹಳ ಸಲ ಬೇರೆ ಬೇರೆ ಇರುತ್ತದೆ. ಒಂದು ಕಡೆ ಎಲ್ಲರೂ ಮಾತಾಡುತ್ತಾರೆ, ತೀರ್ಮಾನ ಇನ್ನೊಂದು ಕಡೆ ಆಗುತ್ತದೆ. ಇದು ಗೊತ್ತಿಲ್ಲದವರು ಒಂದೋ ಆ ದೇಶವನ್ನು ಸುಮ್ನೆ ಹೊಗಳುತ್ತಾರೆ, ಇಲ್ಲ ಸುಮ್ನೆ ತೆಗಳುತ್ತಾರೆ.

ಹೊರಡುವ ಮುಂಚೆ ತಿಳಿದಿರಬೇಕಾದದ್ದು ಸ್ವಲ್ಪವೇ. ದೇಶ ಕರ್ನಾಟಕದ ಮೂರರಷ್ಟು ದೊಡ್ಡದು. ಜನ ಮಾತ್ರ ಸುಮಾರು 23 ಲಕ್ಷ, ನಮ್ಮ ಮೈಸೂರು ಜಿಲ್ಲೆಗಿಂತಲೂ ಕಡಿಮೆ. ಬ್ರಿಟಿಷರಿಂದ ಸ್ವಾತಂತ್ರ್ಯ ಬಂದದ್ದು 1966ರ ಸೆಪ್ಟೆಂಬರ್ 30ಕ್ಕೆ. ಅಲ್ಲಿಯ ಒಬ್ಬ ವ್ಯಕ್ತಿ ಮೋತ್ಸ್ವಾನ, ಹಲವರು ಬಾತ್ಸ್ವಾನ, ಭಾಷೆ ಸೆತ್ಸ್ವಾನ. ಮೊದಲ ಅಕ್ಷರ ಬದಲಾದರೆ ಅರ್ಥ ಬದಲಾಗುತ್ತದೆ. ಗಂಡಸರನ್ನು "ರ್ರಾ", ಹೆಂಗಸರನ್ನು "ಮ್ಮಾ" ಅನ್ನುತ್ತಾರೆ. ಯಾವ ಕಚೇರಿಗೆ ಹೋದರೂ ಮೊದಲು "ದುಮೆಲಾ ಮ್ಮಾ", "ದುಮೆಲಾ ರ್ರಾ" ಅಂತ ನಮಸ್ಕಾರ ಹೇಳಿ, ಆಮೇಲೆ ಕೆಲಸದ ಮಾತಿಗೆ ಬನ್ನಿ. ನೇರವಾಗಿ ಅರ್ಜಿ ಚಾಚಿದರೆ ಅಲ್ಲಿ ಅದು ಒರಟುತನ.

ಮೊದಲ ಪಾಠ: ಖೋಟ್ಲ

ಸಂವಿಧಾನದ ಪುಸ್ತಕದಿಂದ ಶುರು ಮಾಡಬೇಡಿ. ಖೋಟ್ಲದಿಂದ ಶುರು ಮಾಡಿ.

ಖೋಟ್ಲ ಅಂದರೆ ಊರಿನವರು ಸೇರುವ ಜಾಗ. ಮರದ ಕಂಬಗಳನ್ನು ಅರ್ಧಚಂದ್ರದ ಹಾಗೆ ಒತ್ತೊತ್ತಾಗಿ ನೆಟ್ಟಿರುತ್ತಾರೆ. ಅದರ ಮುಂದೆ ಊರಿನ ಮುಖ್ಯಸ್ಥ ಕೂರುತ್ತಾರೆ. ಅವರನ್ನು ಖೋಸಿ ಅನ್ನುತ್ತಾರೆ. ಇಡೀ ಬುಡಕಟ್ಟಿನ ಮುಖ್ಯಸ್ಥರೂ ಖೋಸಿಯೇ, ಆ ಹುಡುಗಿ "ರಾಜರು" ಅಂದದ್ದು ಇವರನ್ನೇ. ಹಲವರಾದರೆ ದಿಖೋಸಿ. ನಮ್ಮಲ್ಲಿ ಅರಳಿಕಟ್ಟೆಯ ಪಂಚಾಯಿತಿ ಇತ್ತಲ್ಲ, ಹೊರಗಿನಿಂದ ಸ್ವಲ್ಪ ಹಾಗೇ ಕಾಣುತ್ತದೆ. ಆದರೆ ಇದು ಇವತ್ತಿಗೂ ನಡೆಯುವ, ಸರ್ಕಾರ ಒಪ್ಪಿದ ಸಭೆ. ಮಂತ್ರಿ ಹೊಸ ಯೋಜನೆ ತಂದರೆ ಇಲ್ಲಿಗೆ ಬಂದು ವಿವರಿಸುತ್ತಾರೆ. ಸಂಸದರು ಇಲ್ಲಿಗೆ ಬಂದು ವರದಿ ಒಪ್ಪಿಸುತ್ತಾರೆ. ಪಕ್ಷದ ಪ್ರಚಾರ ಮಾತ್ರ ಇಲ್ಲಿ ಮಾಡುವಂತಿಲ್ಲ. ಅದಕ್ಕೆ ಊರಾಚೆ ಬೇರೆ ಬಯಲು ಇರುತ್ತದೆ, ಅದನ್ನು ಫ್ರೀಡಂ ಸ್ಕ್ವೇರ್ ಅನ್ನುತ್ತಾರೆ. ಈ ಗೆರೆ ನನಗೆ ಬಹಳ ಇಷ್ಟ. ಪಕ್ಷದ ಬಾವುಟ ಹಿಡಿದು ಖೋಟ್ಲದ ಒಳಗೆ ಬರುವ ಧೈರ್ಯ ಯಾರೂ ಮಾಡುವುದಿಲ್ಲ.

ಹೋಗುವುದು ಹೇಗೆ ಅಂದರೆ, ಕರೆಯುವವರೆಗೂ ಕಾಯಬೇಡಿ. ಸಭೆ ಇದೆ ಅಂತ ರೇಡಿಯೋದಲ್ಲಿ ಹೇಳುತ್ತಾರೆ, ಶಾಲೆಯ ಮಕ್ಕಳ ಕೈಲಿ ಚೀಟಿ ಕಳಿಸುತ್ತಾರೆ. ಸಾಮಾನ್ಯವಾಗಿ ಬೆಳಗ್ಗೆ. ಹೆಂಗಸರು ಲಂಗವೋ ಉದ್ದ ಉಡುಪೋ ಹಾಕಿ, ತಲೆಗೆ ಬಟ್ಟೆ ಕಟ್ಟಿ, ಹೆಗಲಿಗೆ ಶಾಲು ಹೊದ್ದಿರಬೇಕು. ಗಂಡಸರು ಕೋಟು ಹಾಕುತ್ತಾರೆ, ಟೋಪಿ ತೆಗೆಯುತ್ತಾರೆ. ನಾನು ಮೊದಲ ಸಲ ಪ್ಯಾಂಟು ಹಾಕಿಕೊಂಡು ಹೋಗಿದ್ದೆ. ಯಾರೂ ಬೈಯಲಿಲ್ಲ. ಒಬ್ಬ ಅಜ್ಜಿ ಎದ್ದು ಬಂದು, ತನ್ನ ಶಾಲು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿ, ಪಕ್ಕದಲ್ಲಿ ಕೂರಿಸಿಕೊಂಡರು. ಜುಲೈ ತಿಂಗಳ ಚಳಿ ಅದು. ಸಭೆ ಮುಗಿಯುವ ತನಕ ಅವರು ಶಾಲಿಲ್ಲದೆ ಕೂತಿದ್ದರು.

ಕುರ್ಚಿಯನ್ನು ಮನೆಯಿಂದಲೇ ತರಬೇಕು. ಮರದ ಚೌಕಟ್ಟಿಗೆ ತೊಗಲಿನ ಪಟ್ಟಿ ಹೆಣೆದ ಗಿಡ್ಡ ಕುರ್ಚಿಗಳು ಅಲ್ಲಿ ಸಿಗುತ್ತವೆ. ಒಂದು ಕೊಂಡುಬಿಡಿ. ಅಲ್ಲಿ ಮೂರು ಗಂಟೆ ಕೂತರೆ ಎಷ್ಟೋ ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ.

ಆ ದಿನದ ಸಭೆ ನೀರಿನ ಬಗ್ಗೆ. ಒಬ್ಬ ಮುದುಕರು ಎದ್ದರು. ಅವರ ಮಾತು ಕತ್ತೆಗಳಿಂದ ಶುರುವಾಯಿತು. ಕತ್ತೆಗಳು ನಲ್ಲಿಯ ಹತ್ತಿರ ಬಂದು ನಿಲ್ಲುವುದು, ಅವರ ಚಿಕ್ಕಂದಿನ ಬರಗಾಲ, ತೀರಿಹೋದ ತಮ್ಮ, ಎಲ್ಲವೂ ಬಂದವು. ಹದಿನೈದು ನಿಮಿಷ ಆಗಿರಬಹುದು. ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ. ಗಡಿಯಾರ ನೋಡಲಿಲ್ಲ. ಕೊನೆಗೆ ಗೊತ್ತಾಯಿತು, ನಲ್ಲಿಯನ್ನು ಹಳ್ಳದ ಈಚೆ ಹಾಕಿದರೆ ದನಕ್ಕೂ ಜನಕ್ಕೂ ಜಗಳ ತಪ್ಪುತ್ತದೆ ಅಂತ ಅವರ ಸಲಹೆ. ರಾಜಧಾನಿಯಿಂದ ಬಂದ ಅಧಿಕಾರಿ ಅದನ್ನು ಬರೆದುಕೊಂಡರು.

ಇದರ ಹಿಂದೆ ಮೂರು ಗಾದೆ ಇವೆ. ಇವನ್ನು ಬಾಯಿಪಾಠ ಮಾಡಿ. "ಮಾಫೋಕೋ ಆ ಖೋಟ್ಲ ಆ ಮಾಂಟ್ಲೆ ಓಟ್ಲೆ" ಅಂದರೆ ಖೋಟ್ಲದಲ್ಲಿ ಆಡಿದ ಮಾತೆಲ್ಲ ಚಂದ. "ಮ್ಮುವಾಲೆಬೆ ಓ ಬುವಾ ಲಾ ಹಾಹ್ವೆ" ಅಂದರೆ ತಪ್ಪು ಮಾತಾಡುವವನಿಗೂ ತನ್ನ ಮಾತು ಆಡಿ ಮುಗಿಸುವ ಹಕ್ಕಿದೆ. "ಖೋಸಿ ಕೆ ಖೋಸಿ ಕಾ ಮೊರಾಫೆ" ಅಂದರೆ ಖೋಸಿ ಖೋಸಿಯಾಗುವುದು ಜನರಿಂದ. ಸಂಸತ್ತಿನ ಚರ್ಚೆಯಲ್ಲೂ ಪತ್ರಿಕೆಯಲ್ಲೂ ಈ ಗಾದೆಗಳು ಬರುತ್ತಲೇ ಇರುತ್ತವೆ.

ಸೆರೋವೆಯ ಖೋಟ್ಲಕ್ಕೆ ಇನ್ನೊಂದು ಕಾರಣಕ್ಕೆ ಹೋಗಿ ನೋಡಬೇಕು. ಸೆರೋವೆ ಸೀಮೆಯ ಬಾಂಗ್ವಾಟೊ ಬುಡಕಟ್ಟಿನ ಖೋಸಿ ಆಗಬೇಕಿದ್ದ ಸೆರೆತ್ಸೆ ಖಾಮಾ 1948ರಲ್ಲಿ ಲಂಡನ್ನಿನಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿ ಹೆಣ್ಣುಮಗಳನ್ನು ಮದುವೆಯಾದರು. ಅವರ ಪರವಾಗಿ ಆಡಳಿತ ನೋಡುತ್ತಿದ್ದ ಚಿಕ್ಕಪ್ಪ ತ್ಶೆಕೆದಿ ಖಾಮಾಗೆ ಇದು ಒಪ್ಪಿಗೆ ಇರಲಿಲ್ಲ. ವಿಷಯ ಖೋಟ್ಲಕ್ಕೆ ಬಂತು. ಒಂದಲ್ಲ, ಮೂರು ದೊಡ್ಡ ಸಭೆ ನಡೆದವು. ಮೊದಲು ಹಿರಿಯರು ವಿರೋಧಿಸಿದರು. 1949ರ ಜೂನ್‌ನಲ್ಲಿ ನಡೆದ ಮೂರನೆಯ ಸಭೆಯಲ್ಲಿ ಸಾವಿರಾರು ಜನ ಸೆರೆತ್ಸೆ ಪರ ಎದ್ದು ನಿಂತರು. ಆದರೂ ಬ್ರಿಟಿಷ್ ಸರ್ಕಾರ ಅವರನ್ನು ದೇಶದಿಂದ ಹೊರಗಿಟ್ಟಿತು. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಣಭೇದದ ಸರ್ಕಾರ ಬಂದಿತ್ತು, ಅದರ ಮುನಿಸು ಬ್ರಿಟನ್ನಿಗೆ ಬೇಡವಾಗಿತ್ತು. 1956ರಲ್ಲಿ ಖೋಸಿ ಪಟ್ಟ ಬಿಟ್ಟುಕೊಟ್ಟು ಸೆರೆತ್ಸೆ ಊರಿಗೆ ಮರಳಿದರು. 1962ರಲ್ಲಿ ಪಕ್ಷ ಕಟ್ಟಿದರು. 1966ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು.

ಈ ಕಥೆಯನ್ನು ನೋಟ್‌ಬುಕ್ಕಿನ ಎರಡು ಸಾಲಿಗೆ ಹಾಕಿ ನೋಡಿ. ಮಾತಾಡಿದ್ದು ಖೋಟ್ಲ. ತೀರ್ಮಾನ ಮಾಡಿದ್ದು ಲಂಡನ್.

ಇವತ್ತು ಲಂಡನ್ ಇಲ್ಲ. ಆ ಜಾಗದಲ್ಲಿ ಗ್ಯಾಬೊರೋನ್ ಇದೆ. ನಮ್ಮ ಬಡಾವಣೆಯ ರಸ್ತೆಯ ಬಗ್ಗೆ ಒಂದು ಸಲ ಖೋಟ್ಲದಲ್ಲಿ ಅರ್ಧ ದಿನ ಮಾತಾಯಿತು. ಎಲ್ಲರೂ ಒಂದೇ ದಾರಿ ತೋರಿಸಿದರು. ಆರು ತಿಂಗಳ ಮೇಲೆ ರಸ್ತೆ ಬೇರೆ ಕಡೆ ಬಂತು. ಯಾಕೆ ಅಂತ ಹೇಳೋಕೆ ಆ ಕಚೇರಿಯಿಂದ ಯಾರೂ ವಾಪಸ್ ಬರಲಿಲ್ಲ. ನನಗೆ ಶಾಲು ಸುತ್ತಿದ ಅಜ್ಜಿ ಆವತ್ತು ಬಹಳ ನೊಂದುಕೊಂಡರು. "ನಮ್ಮನ್ನು ಕೇಳಿದರು, ಕೇಳಿಸಿಕೊಳ್ಳಲಿಲ್ಲ" ಅಂದರು. ಬೋಟ್ಸ್ವಾನದ ರಾಜಕೀಯದಲ್ಲಿ ಜನರ ಸಿಟ್ಟು ಎಲ್ಲಿ ಹುಟ್ಟುತ್ತದೆ ಅಂತ ಹುಡುಕುವವರು ಈ ಮಾತಿನಿಂದ ಶುರು ಮಾಡಬೇಕು.

ಹಾಗಾದರೆ ಖೋಸಿಗೆ ಏನು ಉಳಿದಿದೆ?

ಸುಮಾರಾಗಿ ಇದೆ, ಆದರೆ ಹೆಸರು ಕೇಳಿ ನಾವು ಅಂದುಕೊಳ್ಳುವಷ್ಟಿಲ್ಲ. ಸಂಪ್ರದಾಯದ ಕೋರ್ಟು ಖೋಸಿಯದೇ. ಸಣ್ಣ ಕಳ್ಳತನ, ದನದ ತಕರಾರು, ಗಂಡ ಹೆಂಡತಿ ಜಗಳ ಇಲ್ಲಿಗೆ ಬರುತ್ತವೆ. ವಕೀಲರಿಗೆ ಪ್ರವೇಶ ಇಲ್ಲ, ಇಬ್ಬರೂ ತಮ್ಮ ಮಾತು ತಾವೇ ಹೇಳಬೇಕು. ಛಡಿ ಏಟಿನ ಶಿಕ್ಷೆ ಇನ್ನೂ ಇದೆ. ಹೆಂಗಸರಿಗೂ 40 ದಾಟಿದ ಗಂಡಸರಿಗೂ ಅದಿಲ್ಲ. ನನಗೆ ಆ ಶಿಕ್ಷೆ ಸರಿ ಅನಿಸಲಿಲ್ಲ, ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ಎಷ್ಟೋ ಸಲ ವಾದ ಮಾಡಿದ್ದೇನೆ.

ಭೂಮಿ ಹಂಚುವ ಅಧಿಕಾರ ಹಿಂದೆ ಖೋಸಿಯದಾಗಿತ್ತು. 1968ರ ಕಾಯ್ದೆ ಅದನ್ನು ಲ್ಯಾಂಡ್ ಬೋರ್ಡ್‌ಗಳಿಗೆ ಕೊಟ್ಟಿತು. ಸೆರೋವೆಯಲ್ಲಿ ಮನೆ ಕಟ್ಟಲು ಜಾಗ ಬೇಕಾದವರು ಈಗ ಅರ್ಜಿ ಹಾಕುವುದು ಬೋರ್ಡಿಗೆ. ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರು ನನ್ನ ಜೊತೆ ಕೆಲಸ ಮಾಡುವ ಟೀಚರುಗಳಲ್ಲೇ ಇದ್ದರು.

ಇನ್ನೊಂದು ಮಾತು ನೆನಪಿಡಿ. ಖೋಸಿಗೆ ಸಂಬಳ ಕೊಡುವುದು ಸರ್ಕಾರ. 2008ರ ಬೊಗೋಸಿ (ಅಂದರೆ ಖೋಸಿ ಪದವಿಯ) ಕಾಯ್ದೆ ಪ್ರಕಾರ ಖೋಸಿಯನ್ನು ಅಮಾನತು ಮಾಡುವ, ಪಟ್ಟದಿಂದ ಇಳಿಸುವ ಅಧಿಕಾರ ಮಂತ್ರಿಗಿದೆ. ಯಾರು ಯಾರಿಗೆ ಉತ್ತರ ಕೊಡಬೇಕು ಅನ್ನುವುದು ಇಲ್ಲಿ ಗೊತ್ತಾಗುತ್ತೆ, ಅಲ್ವಾ?

ದಿಖೋಸಿಗಳಿಗೆ ರಾಜಧಾನಿಯಲ್ಲೂ ಒಂದು ಸಭೆ ಇದೆ. ಹೆಸರು ನ್ಟ್ಲೋ ಯಾ ದಿಖೋಸಿ, ಅಂದರೆ ದಿಖೋಸಿಗಳ ಮನೆ. ಸದಸ್ಯರು 35ರ ತನಕ. ಇದನ್ನು ನಮ್ಮ ರಾಜ್ಯಸಭೆ ಥರ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಇದು ಸಲಹೆ ಕೊಡುವ ಮನೆ. ಸಂಪ್ರದಾಯದ ಕಾನೂನು, ಬುಡಕಟ್ಟಿನ ವ್ಯವಸ್ಥೆಗೆ ಸಂಬಂಧಿಸಿದ ಮಸೂದೆ ಇಲ್ಲಿಗೆ ಬರಲೇಬೇಕು, ಆದರೆ ತಡೆಯುವ ಶಕ್ತಿ ಇಲ್ಲ. 2002ರಲ್ಲಿ ಬಾಲೆಟೆ ಜನರಿಗೆ ಮೊಸಾದಿ ಸೆಬೋಕೊ ಮುಖ್ಯಸ್ಥೆಯಾದರು. ಆ ಮಟ್ಟದ ಮೊದಲ ಹೆಣ್ಣು ಖೋಸಿ ಅವರು. ನನ್ನ ತರಗತಿಯ ಹುಡುಗಿಯರು ಅವರ ಹೆಸರು ಹೇಳುವಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಈ ಮನೆಯಲ್ಲಿ ಒಂದು ಗಾಯವೂ ಇದೆ. ಎಂಟು ಬುಡಕಟ್ಟುಗಳ ಮುಖ್ಯಸ್ಥರಿಗೆ ಮೊದಲಿನಿಂದ ಕಾಯಂ ಜಾಗ ಇತ್ತು. ಬಾಂಗ್ವಾಟೊ, ಬಾಕ್ವೇನಾ ಥರದ ಸೆತ್ಸ್ವಾನ ಮಾತಿನವರು ಅವರೆಲ್ಲ. ಕಲಾಂಗ, ವಯೇಯಿ, ಬಸಾರ್ವ ಜನರಿಗೆ ಇರಲಿಲ್ಲ. ವಯೇಯಿ ಜನ ಕೋರ್ಟಿಗೆ ಹೋಗಿ, 2001ರಲ್ಲಿ ಇದು ಭೇದಭಾವ ಅಂತ ತೀರ್ಪು ಪಡೆದರು. ಆಮೇಲೆ ಸಂವಿಧಾನ ತಿದ್ದಿ ಮನೆಯನ್ನು ದೊಡ್ಡದು ಮಾಡಿದರು. ಆದರೂ ನಮ್ಮ ಮಾತಿಗೆ ಶಾಲೆಯಲ್ಲಿ ಜಾಗ ಇಲ್ಲ ಅನ್ನುವ ನೋವನ್ನು ಕಲಾಂಗ ಗೆಳತಿಯೊಬ್ಬಳು ನನ್ನ ಹತ್ತಿರ ಹೇಳುತ್ತಿದ್ದಳು. ತುಳು, ಕೊಡವ ಮಾತಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚುನಾವಣೆಯನ್ನು ಪೆನ್ಸಿಲ್ ಹಿಡಿದು ಓದಿ

ಇದು ನನ್ನ ವಿಷಯ, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮತದಾರರ ಕೈಗೆ ಎರಡು ಮತಪತ್ರ ಬರುತ್ತವೆ. ಒಂದು ಸಂಸತ್ತಿಗೆ, ಇನ್ನೊಂದು ಊರಿನ ಕೌನ್ಸಿಲ್‌ಗೆ. ಅಧ್ಯಕ್ಷರಿಗೆ ಅಂತ ಬೇರೆ ಪತ್ರ ಇಲ್ಲ. ಸಂಸತ್ತಿಗೆ ನಿಂತ ಅಭ್ಯರ್ಥಿ ನಾಮಪತ್ರ ಹಾಕುವಾಗಲೇ ತಾನು ಯಾರನ್ನು ಅಧ್ಯಕ್ಷರಾಗಿ ಬೆಂಬಲಿಸುತ್ತೇನೆ ಅಂತ ಹೇಳಿರುತ್ತಾರೆ. ಆರಿಸಿ ಬಂದ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾರ ಪರ ಇರುತ್ತಾರೋ ಅವರು ಅಧ್ಯಕ್ಷ. ಅದನ್ನು ಘೋಷಿಸುವವರು ಮುಖ್ಯ ನ್ಯಾಯಮೂರ್ತಿ. ಯಾರಿಗೂ ಬಹುಮತ ಇಲ್ಲದಿದ್ದರೆ ಸಂಸತ್ತು ಗುಪ್ತ ಮತದಾನ ಮಾಡಿ ಆರಿಸುತ್ತದೆ.

ಈಗ ಲೆಕ್ಕ ಮಾಡಿ. 2024ರಲ್ಲಿ ಕ್ಷೇತ್ರಗಳು 61. ಅಂದರೆ ಬೇಕಾದದ್ದು 31. ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತವೋ ಅವರೇ ಗೆದ್ದ ಹಾಗೆ, ನಮ್ಮಲ್ಲಿ ಇರುವಂತೆಯೇ. ಹಾಗಾಗಿ ಒಟ್ಟು ಮತ ಎಷ್ಟು ಬಂತು ಅನ್ನುವುದು ಒಂದು ಲೆಕ್ಕ, ಸೀಟು ಎಷ್ಟು ಬಂತು ಅನ್ನುವುದು ಇನ್ನೊಂದು ಲೆಕ್ಕ.

ಎರಡು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2014ರಲ್ಲಿ ಸೆರೆತ್ಸೆ ಕಟ್ಟಿದ ಪಕ್ಷ ಬಿಡಿಪಿಗೆ (ಬೋಟ್ಸ್ವಾನ ಡೆಮಾಕ್ರಟಿಕ್ ಪಾರ್ಟಿ) ಅರ್ಧಕ್ಕಿಂತ ಕಡಿಮೆ ಮತ ಬಂತು, ಶೇಕಡಾ 46ರ ಆಸುಪಾಸು. ಆದರೆ 57ರಲ್ಲಿ 37 ಸೀಟು ಬಂದವು. ಯಾಕೆಂದರೆ ವಿರೋಧದ ಮತ ಎರಡು ಪಾಲಾಗಿತ್ತು. ಯುಡಿಸಿ (ಅಂಬ್ರೆಲಾ ಫಾರ್ ಡೆಮಾಕ್ರಟಿಕ್ ಚೇಂಜ್) ಎಂಬ ಒಕ್ಕೂಟ ಒಂದು ಕಡೆ, ಬಿಸಿಪಿ (ಬೋಟ್ಸ್ವಾನ ಕಾಂಗ್ರೆಸ್ ಪಾರ್ಟಿ) ಇನ್ನೊಂದು ಕಡೆ. 2024ರಲ್ಲಿ ಇದೇ ಲೆಕ್ಕ ಬಿಡಿಪಿಗೆ ತಿರುಗಿ ಬಡಿಯಿತು. ಯುಡಿಸಿಗೆ 36 ಸೀಟು, ಬಿಸಿಪಿಗೆ 15, ಬಿಪಿಎಫ್‌ಗೆ (ಬೋಟ್ಸ್ವಾನ ಪೇಟ್ರಿಯಾಟಿಕ್ ಫ್ರಂಟ್) 5, ಬಿಡಿಪಿಗೆ ಬರೀ 4, ಪಕ್ಷೇತರರೊಬ್ಬರು. ಗೆದ್ದ ಯುಡಿಸಿಯ ಮತ ಶೇಕಡಾ 37ರಷ್ಟು. ಸೋತ ಬಿಡಿಪಿಗೂ ಶೇಕಡಾ 30ರಷ್ಟು ಮತ ಬಂದಿತ್ತು. 30ಕ್ಕೂ 37ಕ್ಕೂ ಇರುವ ಅಂತರ ಸಣ್ಣದು. 4ಕ್ಕೂ 36ಕ್ಕೂ ಇರುವ ಅಂತರ ನೋಡಿ. ನಮ್ಮ ಶಾಲೆಯಲ್ಲಿ ಶೇಕಡಾವಾರು ಪಾಠಕ್ಕೆ ನಾನು ಈ ಉದಾಹರಣೆ ಕೊಡುತ್ತಿದ್ದೆ. ಪಕ್ಷದ ಹೆಸರು ಹೇಳದೆ ಅ, ಆ, ಇ ಅಂತ ಇಟ್ಟರೂ ಮಕ್ಕಳು ಪಟ್ಟನೆ ಕಂಡುಹಿಡಿಯುತ್ತಿದ್ದರು.

ಪಕ್ಷಗಳನ್ನು ಗುರುತು ಹಿಡಿಯೋಕೆ ಚಿಹ್ನೆ ಸಾಕು. ಬಿಡಿಪಿಯದು ಕಾರೆತ್ತುವ ಜಾಕ್. ಅದಕ್ಕೆ ಅಲ್ಲಿಯ ಹೆಸರು ಡೋಮ್‌ಕ್ರಾಗ್, ಹಳಬರು ಪಕ್ಷವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಯುಡಿಸಿಯದು ಛತ್ರಿ, ಹಲವು ಪಕ್ಷ ಒಂದೇ ಕೆಳಗೆ ಅಂತ. ಬಿಪಿಎಫ್‌ನ ಬಲ ಇರುವುದು ಸೆರೋವೆ ಸುತ್ತ. ಆ ಚುನಾವಣೆಯಲ್ಲಿ ಅದರ ಹಿಂದೆ ನಿಂತವರು ಸೆರೆತ್ಸೆಯವರ ಮಗ, ಮಾಜಿ ಅಧ್ಯಕ್ಷ ಇಯಾನ್ ಖಾಮಾ. ಅಪ್ಪ ಕಟ್ಟಿದ ಪಕ್ಷವನ್ನು ಮಗ ಎದುರು ಹಾಕಿಕೊಂಡರು. ಸೆರೋವೆಯ ಮನೆಮನೆಯಲ್ಲಿ ಇದೇ ಮಾತು ನಡೆಯುತ್ತಿತ್ತು.

2024ರ ಅಕ್ಟೋಬರ್ 30 ನನಗೆ ಮರೆಯುವುದಿಲ್ಲ. ನಮ್ಮ ಶಾಲೆಯೇ ಮತಗಟ್ಟೆ. ನಾನಿದ್ದ ಕ್ವಾರ್ಟರ್ಸ್ ಕಾಂಪೌಂಡಿನ ಒಳಗೇ ಇತ್ತು. ಬೆಳಕು ಹರಿಯುವ ಮುಂಚೆಯೇ ಜನ ಸಾಲು ನಿಂತಿದ್ದರು. ನಾನು ಅದರ ಹಿಂದಿನ ವರ್ಷ ಕಲಿಸಿದ್ದ ಹುಡುಗನ ಅಣ್ಣ ಮೊದಲ ಸಲ ಮತ ಹಾಕುವವನು, ನೀರು ಕೇಳೋಕೆ ಬಂದ. ಕೆಲಸ ಇಲ್ಲ, ಓದು ಮುಗಿದು ಎರಡು ವರ್ಷ ಆಯಿತು ಅಂದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಗಲಾಟೆಯೂ ಇರಲಿಲ್ಲ. ಸುಮ್ಮನೆ ಸಾಲಿಗೆ ವಾಪಸ್ ಹೋಗಿ ನಿಂತ. 58 ವರ್ಷ ಆಳಿದ ಪಕ್ಷ ಸೋತಿತು. ಪೂರ್ತಿ ಫಲಿತಾಂಶ ಬರುವ ಮುಂಚೆಯೇ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಸೋಲು ಒಪ್ಪಿಕೊಂಡರು. ನವೆಂಬರ್ 1ಕ್ಕೆ ವಕೀಲ ಡೂಮಾ ಬೊಕೊ ಪ್ರಮಾಣವಚನ ತೆಗೆದುಕೊಂಡರು. ಮಾರನೆಯ ವಾರ ಶಾಲೆ ಎಂದಿನಂತೆ ನಡೆಯಿತು. ಖೋಟ್ಲದಲ್ಲಿ ಮಾತಾಡಿದವರೇ ಆವತ್ತು ತೀರ್ಮಾನವನ್ನೂ ಮಾಡಿದ್ದರು. ನನ್ನ ನೋಟ್‌ಬುಕ್ಕಿನ ಎರಡೂ ಕಡೆ ಒಂದೇ ಉತ್ತರ ಬರೆದ ದಿನ ಅದು.

ಅಧ್ಯಕ್ಷರ ಅಧಿಕಾರ ಅಳೆಯುವುದು

ಈಗ ಸಂವಿಧಾನ ತೆರೆಯಿರಿ. ಎಲ್ಲ ಓದಬೇಡಿ, ಎರಡು ಸೆಕ್ಷನ್ ಸಾಕು. 47ನೆಯದು ಮತ್ತು 92ನೆಯದು.

47 ಹೇಳುವುದು ಇಷ್ಟು: ಆಡಳಿತದ ಅಧಿಕಾರ ಅಧ್ಯಕ್ಷರದು. ಅವರು ಸ್ವಂತ ವಿವೇಚನೆಯಿಂದ ನಡೆಯಬಹುದು, ಬೇರೆಯವರ ಸಲಹೆ ಒಪ್ಪಲೇಬೇಕು ಅಂತಿಲ್ಲ. ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಇಲ್ಲಿ ಪೂರ್ತಿ ಉಲ್ಟಾ. ರಾಷ್ಟ್ರಪತಿ, ಪ್ರಧಾನಿ ಇಬ್ಬರನ್ನೂ ಒಬ್ಬರಲ್ಲೇ ಸೇರಿಸಿದ ಹಾಗೆ. ಅವರು ಸಂಸತ್ತಿನ ಸದಸ್ಯರೂ ಹೌದು.

92 ಅವಿಶ್ವಾಸ ನಿರ್ಣಯದ ಬಗ್ಗೆ. ನಿರ್ಣಯ ಪಾಸಾದರೆ ಅಧ್ಯಕ್ಷರು ಮೂರು ದಿನದೊಳಗೆ ರಾಜೀನಾಮೆ ಕೊಡಬೇಕು ಅಥವಾ ಸಂಸತ್ತು ವಿಸರ್ಜಿಸಬೇಕು. ಎರಡೂ ಮಾಡದಿದ್ದರೆ ನಾಲ್ಕನೆಯ ದಿನ ಸಂಸತ್ತು ತಾನಾಗೇ ವಿಸರ್ಜನೆಯಾಗುತ್ತದೆ. ಅಂದರೆ ಅಧ್ಯಕ್ಷರನ್ನು ಕೆಳಗಿಳಿಸಲು ಕೈ ಎತ್ತುವ ಸಂಸದರು ತಮ್ಮ ಸೀಟನ್ನೂ ಪಣಕ್ಕಿಡಬೇಕು. ಈ ಒಂದು ಸಾಲು ಓದಿದ ಮೇಲೆ ಅಲ್ಲಿಯ ಸಂಸತ್ತು ಯಾಕೆ ಅಷ್ಟು ಮೆದು ಅಂತ ನನಗೆ ಅರ್ಥವಾಯಿತು.

ಒಟ್ಟು ಸದಸ್ಯರು 69. ಆರಿಸಿ ಬಂದ 61, ವಿಶೇಷವಾಗಿ ಆರಿಸಿದ 6, ಅಧ್ಯಕ್ಷರು ಮತ್ತು ಸ್ಪೀಕರ್. ಆ 6 ಜನರನ್ನು ಸಂಸತ್ತೇ ಆರಿಸುವುದರಿಂದ ಬಹುಮತದ ಪಕ್ಷದವರೇ ಬರುತ್ತಾರೆ. ಮಾಜಿ ಮಿಸ್ ಬೋಟ್ಸ್ವಾನ, ವಕೀಲೆ ಲೆಸೆಗೊ ಚೊಂಬೊ ಹೀಗೆ ಬಂದು ಮಂತ್ರಿಯಾದರು.

ಅಧ್ಯಕ್ಷರಿಗೆ ಒಟ್ಟು 10 ವರ್ಷದ ಮಿತಿ ಇದೆ. ಇದು ಪಾಲನೆಯಾಗುತ್ತದೆ, ಅದು ಆ ದೇಶದ ದೊಡ್ಡ ಗುಣ. ಆದರೆ ಒಂದು ತಂತ್ರ ಗಮನಿಸಿ. ಅಧ್ಯಕ್ಷರು ಹುದ್ದೆ ಬಿಟ್ಟರೆ ಉಪಾಧ್ಯಕ್ಷರು ತಾವಾಗೇ ಅಧ್ಯಕ್ಷರಾಗುತ್ತಾರೆ. ಕ್ವೆಟ್ ಮಸೀರೆ 1998ರ ಮಾರ್ಚ್ ಕೊನೆಗೆ ಬಿಟ್ಟರು, ಫೆಸ್ಟಸ್ ಮೊಗಾಯೆ ಬಂದರು. ಅವರು 2008ರ ಏಪ್ರಿಲ್ 1ಕ್ಕೆ ಇಯಾನ್ ಖಾಮಾಗೆ ಕೊಟ್ಟರು. ಖಾಮಾ 2018ರ ಏಪ್ರಿಲ್ 1ಕ್ಕೆ ಮಸೀಸಿಗೆ ಕೊಟ್ಟರು. ಚುನಾವಣೆ ನಡೆದದ್ದು 1999, 2009, 2019ರ ಅಕ್ಟೋಬರ್‌ನಲ್ಲಿ. ಪ್ರತಿ ಸಲವೂ ಹೊಸಬರಿಗೆ ಒಂದೂವರೆ ವರ್ಷ ಕುರ್ಚಿಯಲ್ಲಿ ಕೂತು ಆಮೇಲೆ ಜನರ ಮುಂದೆ ಹೋಗುವ ಅನುಕೂಲ ಇತ್ತು. ಈ ಸರಪಳಿಗೆ ಹೊರಗಿನಿಂದ ಬಂದ ಮೊದಲಿಗರು ಬೊಕೊ.

ದುಡ್ಡು ಎಲ್ಲಿಂದ, ಕೋರ್ಟು ಎಲ್ಲಿಗೆ

ಫೆಬ್ರವರಿಯಲ್ಲಿ ಹಣಕಾಸು ಮಂತ್ರಿಯ ಬಜೆಟ್ ಭಾಷಣ ತಪ್ಪದೆ ಕೇಳಿ. ಆರ್ಥಿಕ ವರ್ಷ ನಮ್ಮಂತೆ ಏಪ್ರಿಲ್‌ನಿಂದ ಮಾರ್ಚ್. ಭಾಷಣದಲ್ಲಿ ವಜ್ರದ ಮಾತು ಬಂದಾಗ ಕಿವಿ ಕೊಡಿ. 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದೇ ವರ್ಷ ಬಂದ ಕಾಯ್ದೆಯಿಂದ ನೆಲದ ಕೆಳಗಿನ ಸಂಪತ್ತು ಬುಡಕಟ್ಟುಗಳಿಂದ ದೇಶದ ಕೈಗೆ ಬಂತು. ಒರಾಪಾ ಇರುವುದು ಸೆರೆತ್ಸೆಯವರ ಸ್ವಂತ ಬಾಂಗ್ವಾಟೊ ಸೀಮೆಯಲ್ಲಿ. ತಮ್ಮ ಜನಕ್ಕೇ ಇಟ್ಟುಕೊಳ್ಳಬಹುದಿತ್ತು, ಇಡೀ ದೇಶಕ್ಕೆ ಬಿಟ್ಟುಕೊಟ್ಟರು. ನನ್ನ ಸಂಬಳ, ನಮ್ಮ ಶಾಲೆಯ ಕಟ್ಟಡ, ಮಕ್ಕಳ ಊಟ ಎಲ್ಲದರ ಹಿಂದೆ ಆ ತೀರ್ಮಾನ ಇದೆ. ಗಣಿ ನಡೆಸುವ ಡೆಬ್‌ಸ್ವಾನದಲ್ಲಿ ಸರ್ಕಾರಕ್ಕೂ ಡಿ ಬಿಯರ್ಸ್ ಎಂಬ ವಜ್ರದ ಕಂಪನಿಗೂ ಅರ್ಧರ್ಧ ಪಾಲು. ಈಗ ಲ್ಯಾಬ್‌ನಲ್ಲಿ ಮಾಡಿದ ವಜ್ರ ಬಂದು ಬೆಲೆ ಕುಸಿದಿದೆ. 2025ರ ಆಗಸ್ಟ್‌ನಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಇಲ್ಲದೆ ಬೊಕೊ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ವಜ್ರದ ಬೆಲೆಗೂ ಔಷಧಿಗೂ ಅಲ್ಲಿ ಅಷ್ಟು ಹತ್ತಿರದ ನಂಟು.

ಕೋರ್ಟುಗಳ ಬಗ್ಗೆ ಒಬ್ಬರ ಹೆಸರು ಹಿಡಿದು ಹೋದರೆ ಸಾಕು, ಯೂನಿಟಿ ಡೌ. ವಿದೇಶಿಯನ್ನು ಮದುವೆಯಾದ ಹೆಂಗಸಿನ ಮಕ್ಕಳಿಗೆ ಪೌರತ್ವ ಇಲ್ಲ, ಗಂಡಸಿನ ಮಕ್ಕಳಿಗೆ ಇದೆ ಅನ್ನುವ ಕಾನೂನಿನ ವಿರುದ್ಧ ಈ ವಕೀಲೆ ದಾವೆ ಹೂಡಿದರು. 1992ರಲ್ಲಿ ದೇಶದ ಅತಿ ದೊಡ್ಡ ಕೋರ್ಟಾದ ಕೋರ್ಟ್ ಆಫ್ ಅಪೀಲ್‌ನಲ್ಲಿ ಗೆದ್ದರು. 1998ರಲ್ಲಿ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆಯಾದರು. ಕಲಹಾರಿ ಮರಳುಗಾಡಿನ ಅಭಯಾರಣ್ಯದಿಂದ ಬಸಾರ್ವ ಜನರನ್ನು ಎಬ್ಬಿಸಿದ್ದು ತಪ್ಪು ಅಂತ 2006ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟ ಪೀಠದಲ್ಲೂ ಅವರಿದ್ದರು. ಅದೇ ಜನ ಬೋರ್‌ವೆಲ್ ನೀರಿನ ಹಕ್ಕಿಗಾಗಿ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಅದು ಸಿಕ್ಕಿದ್ದು 2011ರಲ್ಲಿ. ತೀರ್ಪು ಬಂದ ಮೇಲೂ ಬಲಗಡೆಯ ಸಾಲು ತುಂಬಲು ವರ್ಷಗಳು ಬೇಕಾಗುತ್ತವೆ.

ದಿನದ ಕೆಲಸಕ್ಕೆ

ನಮ್ಮಲ್ಲಿ ಇರುವಂತೆ ಅಲ್ಲೂ ಡಿಸಿ ಇದ್ದಾರೆ, ಡಿಸ್ಟ್ರಿಕ್ಟ್ ಕಮಿಷನರ್. ಎರಡೂ ಬ್ರಿಟಿಷರ ಕಾಲದ ಹೆಸರು. ಆದರೆ ಜಮೀನಿನ ಕೆಲಸಕ್ಕೆ ಅವರ ಹತ್ತಿರ ಹೋಗಬೇಡಿ, ಅದು ಲ್ಯಾಂಡ್ ಬೋರ್ಡ್. ಪ್ರಾಥಮಿಕ ಶಾಲೆಯ ಕಟ್ಟಡ, ಊರೊಳಗಿನ ರಸ್ತೆ ಕೌನ್ಸಿಲ್‌ನದು. ಪ್ರೌಢಶಾಲೆ ಶಿಕ್ಷಣ ಸಚಿವಾಲಯದ್ದು. ಊರಿನ ಸಣ್ಣಪುಟ್ಟ ಬೇಡಿಕೆಗೆ ವಿಡಿಸಿ ಅಂತ ಒಂದು ಅಭಿವೃದ್ಧಿ ಸಮಿತಿ ಇರುತ್ತದೆ. ಸುದ್ದಿಗೆ ಸರ್ಕಾರದ ಡೈಲಿ ನ್ಯೂಸ್ ಪುಕ್ಕಟೆ ಸಿಗುತ್ತದೆ. ಅದನ್ನೂ ಖಾಸಗಿ ಪತ್ರಿಕೆ ಮ್ಮೆಹಿಯನ್ನೂ (ಫಲಕದಲ್ಲಿ 'ಮ್ಮೆಗಿ' ಅಂತ ಓದಿಕೊಂಡೀರಿ, ಅಲ್ಲಿ ಗ ಅಕ್ಷರವನ್ನು ಗಂಟಲಿಂದ ಹ ಅನ್ನುತ್ತಾರೆ) ಒಂದೇ ದಿನ ಓದಿ. ಒಂದೇ ಸುದ್ದಿ ಎರಡು ಥರ ಕಾಣುತ್ತದೆ.

ಇಷ್ಟು ಹೇಳುವ ಹೊತ್ತಿಗೆ ಸಂಜೆಯಾಗಿತ್ತು. ಹುಡುಗಿ ಎರಡು ಪುಟ ಬರೆದುಕೊಂಡಿದ್ದಳು. ನಾನು ಒಳಗೆ ಹೋಗಿ ನನ್ನ ಖೋಟ್ಲ ಕುರ್ಚಿ ತಂದುಕೊಟ್ಟೆ. ಸೆರೋವೆಯಿಂದ ಹೊರಡುವಾಗ ಸೂಟ್‌ಕೇಸಿನಲ್ಲಿ ಹಿಡಿಯದೆ ಕೈಯಲ್ಲೇ ಹಿಡಿದು ತಂದದ್ದು. ತೊಗಲಿನ ಒಂದು ಪಟ್ಟಿ ಸಡಿಲವಾಗಿದೆ. ಅಲ್ಲಿಗೆ ಹೋದ ಮೇಲೆ ಯಾರ ಹತ್ತಿರವಾದರೂ ಬಿಗಿ ಮಾಡಿಸಿಕೋ, ಸಭೆಗೆ ಹೋದಾಗ ಅಜ್ಜಿಯರ ಪಕ್ಕ ಹಾಕಿಕೊಂಡು ಕೂರು ಅಂದೆ. ಒಂದು ಶಾಲನ್ನೂ ಮಡಿಸಿ ಅದರ ಮೇಲಿಟ್ಟೆ.